ಬೇಕಾಗಿದ್ದಾರೆ

ಕಳೆದ ಯುಗಾದಿಗೆ ನಮ್ಮ ಮನೆಗೆ ಬಂದಿದ್ದ ಬೆಂಗಳೂರಿನ ಮಿತ್ರರೊಬ್ಬರು, ಹೋಳಿಗೆಯ ಊಟ ಮುಗಿಸಿ, ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ನಮ್ಮ ಸೀಮೆಯ ಹುಡುಗರ ವಿಷಯದಲ್ಲಿ ಒಂದು ತೀರ್ಪು ಕೊಟ್ಟರು. “ನಿಮ್ಮ ಕಡೆಯ ತರುಣರಿಗೆ ಸೋಮಾರಿತನ ಹತ್ತಿದೆ, ಸ್ವಾಮಿ. ನಮ್ಮ ಕಾಲದ ಹಾಗೆ ಚಪ್ಪಲಿ ಸವೆಸಿಕೊಂಡು ಕೆಲಸ ಹುಡುಕಬೇಕಾಗಿಲ್ಲ. ಅಂಗೈಯಲ್ಲಿ ಮೊಬೈಲು ಇದೆ; ಮೊಬೈಲಿನಲ್ಲಿ ಸಾವಿರ ಕೆಲಸ ಇದೆ. ಬೆರಳು ಆಡಿಸುವುದಕ್ಕೂ ಆಗದವರನ್ನು ದೇವರೇ ಕಾಪಾಡಬೇಕು!”

ಮಿತ್ರರು ಇದನ್ನು ಹೇಳುತ್ತಿದ್ದಾಗ ನನ್ನ ತಂಗಿಯ ಮೊಮ್ಮಗ ನಡುಮನೆಯಲ್ಲಿ ಕುಳಿತು ಅದೇ ಬೆರಳನ್ನು ಅದೇ ಮೊಬೈಲಿನ ಮೇಲೆ ಆಡಿಸುತ್ತಿದ್ದ. ನಾಗಮಂಗಲ ತಾಲ್ಲೂಕಿನ ಹುಡುಗ, ಬಿ.ಕಾಂ. ಮುಗಿಸಿ ಒಂದು ವರ್ಷದ ಮೇಲಾಗಿತ್ತು. ಶ್ರೀರಂಗಪಟ್ಟಣದಿಂದ ಮೈಸೂರು ಹತ್ತಿರವೆಂದು ನಮ್ಮ ಮನೆಗೆ ಬಂದು ಸೇರಿದ್ದ. ಮಾತು ಅವನ ಕಿವಿಗೆ ಬಿತ್ತು. ಬೆರಳು ನಿಂತಿತು. ಅತಿಥಿಗಳ ಎದುರಿಗೆ ನಾನು ಬಾಯಿ ಬಿಡಲಿಲ್ಲ. ಅಂದು ನುಂಗಿಕೊಂಡ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಅದು ಮಿತ್ರರೊಬ್ಬರಿಗೆ ಮಾತ್ರ ಅಲ್ಲ, ಅವರಂತೆ ಆಲೋಚಿಸುವ ಪಟ್ಟಣದ ಮಹನೀಯರಿಗೆಲ್ಲ ಸೇರಿದ ಉತ್ತರ.

ನಾನು ಈ ಭಾಗದ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಹುಡುಗರ ಸೋಮಾರಿತನವನ್ನೂ ಬಲ್ಲೆ, ಹಟವನ್ನೂ ಬಲ್ಲೆ. ಇಲ್ಲಿಂದ ಕೆಲಸಕ್ಕಾಗಿ ಹೊರಗೆ ಹೋಗುವುದು ನೆನ್ನೆ ಮೊನ್ನೆಯ ಮಾತಲ್ಲ. ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ನೌಕರಿಯಲ್ಲಿ ಊರೂರು ಅಲೆದರು. ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾಯರು ಕಾಲೇಜಿನ ಅಧ್ಯಾಪಕರಾದರು. ಮೇಲುಕೋಟೆಯ ಪು. ತಿ. ನ. ಅವರು ಮೈಸೂರು ಸಂಸ್ಥಾನದ ಸೇನಾ ಕಚೇರಿಯಲ್ಲಿ ಕಡತ ನೋಡಿದರು. ಕವಿಗಳೇ ಹೀಗೆ ಹೊರಟರೆಂದ ಮೇಲೆ ಉಳಿದವರ ಮಾತೇನು? ನಮ್ಮ ಜನ ಕೆಲಸಕ್ಕೆ ಹೋಗಲು ಹೇಸಿದವರಲ್ಲ.

ಇನ್ನು ‘ಮೊಬೈಲಿನಲ್ಲಿ ಸಾವಿರ ಕೆಲಸ’ ಎಂಬ ಮಾತು. ಇದೂ ಅಷ್ಟೇನೂ ಹೊಸದಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ, ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಒದಗಿಸಲೆಂದು ೧೯೪೫ರಲ್ಲಿ ನಮ್ಮ ದೇಶದಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳು ಹುಟ್ಟಿದವು. ೧೯೪೮ರಲ್ಲಿ ಅವುಗಳ ಬಾಗಿಲನ್ನು ಎಲ್ಲರಿಗೂ ತೆರೆದರು. ೧೯೫೯ರಲ್ಲಿ ಕಾಯಿದೆಯೂ ಬಂತು: ಸರ್ಕಾರಿ ಸಂಸ್ಥೆಗಳೂ, ೨೫ ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಸ್ಥಾನಗಳನ್ನು ಕೇಂದ್ರಕ್ಕೆ ಕಡ್ಡಾಯವಾಗಿ ತಿಳಿಸತಕ್ಕದ್ದು. ಓದಿದರೆ ಎಷ್ಟು ಚೆನ್ನ! ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಸಾಲು ಇತ್ತು. ತಿಳಿಸಬೇಕು, ನಿಜ, ಕೇಂದ್ರದ ಮೂಲಕವೇ ನೇಮಕ ಮಾಡಿಕೊಳ್ಳಬೇಕೆಂಬ ಕಟ್ಟುಪಾಡು ಇಲ್ಲ. ಬಾಗಿಲು ತೆರೆದಿರಬೇಕು, ಒಳಗೆ ಬಿಡಬೇಕಾಗಿಲ್ಲ ಎಂದ ಹಾಗೆ.

೧೯೭೪ರಲ್ಲಿ ಪದವಿ ಪಡೆದ ನಾನೂ ಅಂಥ ಒಂದು ಕೇಂದ್ರದಲ್ಲಿ ಹೆಸರು ಬರೆಸಿದ್ದೆ. ಒಂದು ಕಾರ್ಡು ಕೊಟ್ಟರು. ಕಾಲಕಾಲಕ್ಕೆ ಹೋಗಿ ಅದನ್ನು ನವೀಕರಿಸಿ ಬರುವುದು ಒಂದು ವ್ರತವಾಯಿತು. ಸಾಲಿನಲ್ಲಿ ನಿಂತವರೆಲ್ಲ ಒಬ್ಬರಿಗೊಬ್ಬರು “ನಿಮಗೆ ಕರೆ ಬಂತೇ?” ಎಂದು ಕೇಳುತ್ತಿದ್ದೆವು. ನನಗೆ ಆ ಕಾರ್ಡಿನಿಂದ ಒಂದು ಕರೆಯೂ ಬರಲಿಲ್ಲ. ಕೆಲಸ ಸಿಕ್ಕಿದ್ದು, ಸಂತೆಯ ದಿನ ಎದುರಿಗೆ ಸಿಕ್ಕ ಮುಖ್ಯೋಪಾಧ್ಯಾಯರೊಬ್ಬರು “ನಮ್ಮಲ್ಲಿ ಗಣಿತದ ಮೇಷ್ಟ್ರು ಬಿಟ್ಟುಹೋಗಿದ್ದಾರೆ, ಸೋಮವಾರ ಬಾ” ಎಂದದ್ದರಿಂದ.

೧೯೯೭ರಲ್ಲಿ ‘ನೌಕ್ರಿ’ ಎಂಬ ಜಾಲತಾಣ ಹುಟ್ಟಿತು. ಅದರ ಹಿಂದೆ ಎಷ್ಟೋ ಬಂದವು. ೨೦೧೫ರ ಜುಲೈಯಲ್ಲಿ ಕೇಂದ್ರ ಸರ್ಕಾರವೂ ‘ರಾಷ್ಟ್ರೀಯ ವೃತ್ತಿ ಸೇವೆ’ ಎಂಬ ತನ್ನದೇ ತಾಣವನ್ನು ತೆರೆಯಿತು. ೧೯೫೯ರ ಕಾಯಿದೆಯನ್ನು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದರು. ನನ್ನ ರಟ್ಟಿನ ಕಾರ್ಡು ಮೊಮ್ಮಗನ ಮೊಬೈಲಿನೊಳಕ್ಕೆ ಹೋಯಿತು. ಸಾಲಿನಲ್ಲಿ ನಿಲ್ಲುವುದು ತಪ್ಪಿತು, ಕಾಯುವುದು ತಪ್ಪಲಿಲ್ಲ.

ಮಿತ್ರರು ಹೊರಟುಹೋದ ಮೇಲೆ ನಾನೊಂದು ನೋಟುಪುಸ್ತಕ ತೆಗೆದುಕೊಂಡೆ. ಲೆಕ್ಕದ ಮೇಷ್ಟ್ರಿಗೆ ವಾದಕ್ಕಿಂತ ಲೆಕ್ಕದಲ್ಲಿ ನಂಬಿಕೆ ಹೆಚ್ಚು. ಮೂರು ತಿಂಗಳ ಕಾಲ ಪ್ರತಿದಿನ ಸಂಜೆ ಹುಡುಗನ ಪಕ್ಕದಲ್ಲಿ ಕುಳಿತು, ಅವನು ಎಲ್ಲೆಲ್ಲಿ ಅರ್ಜಿ ಹಾಕಿದ, ಏನು ಉತ್ತರ ಬಂತು ಎಂದು ಬರೆದಿಟ್ಟೆ. ಒಟ್ಟು ಅರ್ಜಿ ೧೬೪. ‘ನಿಮ್ಮ ಅರ್ಜಿ ತಲುಪಿದೆ, ವಂದನೆಗಳು’ ಎಂದು ಯಂತ್ರವೇ ಕಳಿಸುವ ಒಕ್ಕಣೆಯನ್ನು ಉತ್ತರವೆಂದು ನಾನು ಎಣಿಸಲಿಲ್ಲ. ಮನುಷ್ಯರು ಮಾತನಾಡಿದ ದೂರವಾಣಿ ಕರೆಗಳು ಹನ್ನೊಂದು. ಅವುಗಳಲ್ಲಿ ನಾಲ್ವರು ನೋಂದಣಿ, ತರಬೇತಿ, ಸಮವಸ್ತ್ರ ಎಂಬ ಹೆಸರಿನಲ್ಲಿ ಮೊದಲು ಹಣ ಕಳಿಸಬೇಕೆಂದರು. ಮೂವರದು ಸಂಬಳವಿಲ್ಲದೆ ಕಮಿಷನ್ನಿನ ಮೇಲೆ ವಿಮೆ ಮಾರುವ ಕೆಲಸ. ಇಬ್ಬರು, “ಆ ಸ್ಥಾನ ಆಗಲೇ ಭರ್ತಿಯಾಗಿದೆ, ಆದರೂ ನಿಮ್ಮ ವಿವರ ನಮ್ಮಲ್ಲಿ ಇರಲಿ” ಎಂದರು. ನಿಜವಾದ ಕೆಲಸ ಎರಡು. ಒಂದು ಮೈಸೂರಿನಲ್ಲಿ, ಹುಡುಗ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬೀದಿಯವರೆಗೆ ಸಾಲು, ಮಧ್ಯಾಹ್ನಕ್ಕೆ ಬಾಗಿಲು ಹಾಕಿದರು. ಇನ್ನೊಂದು ಬೆಂಗಳೂರಿನಲ್ಲಿ, ತಿಂಗಳಿಗೆ ಹದಿನಾಲ್ಕು ಸಾವಿರ. ಕೊಠಡಿಯ ಬಾಡಿಗೆ, ಊಟ, ಬಸ್ಸು ಕಳೆದರೆ ಮನೆಯಿಂದಲೇ ಹಣ ತರಿಸಿಕೊಳ್ಳಬೇಕಾದ ಉದ್ಯೋಗ!

ಅವನ ಸಹಪಾಠಿಯೊಬ್ಬ ಕೃಷ್ಣರಾಜಪೇಟೆಯವನು. ಬೇಕಾದ ಊರಿನ ಜಾಗದಲ್ಲಿ ಕೆ. ಆರ್. ಪೇಟೆ ಎಂದು ತುಂಬಿದರೆ ಅವನಿಗೆ ಬೆಂಗಳೂರಿನ ಕೆ. ಆರ್. ಪುರದ ಕೆಲಸಗಳು ಸಾಲುಸಾಲಾಗಿ ಬಂದವಂತೆ. ಸುಮಾರು ೧೫೦ ಕಿಲೋಮೀಟರಿನ ವ್ಯತ್ಯಾಸ ಯಂತ್ರಕ್ಕೆ ಒಂದೆರಡು ಅಕ್ಷರದ ವ್ಯತ್ಯಾಸ. ನಾವು ನಕ್ಕೆವು; ಅವನು ನಗಲಿಲ್ಲ.

ಈ ಮಂಡಳಿಗಳು ಹೀಗೇಕೆ ಎಂದು ಯೋಚಿಸಿದರೆ ಕಾರಣ ಗೂಢವೇನಲ್ಲ. ಹುಡುಗನಿಗೆ ಇದು ಪುಕ್ಕಟೆ. ಹಣ ಕೊಡುವವರು ನೇಮಕ ಮಾಡಿಕೊಳ್ಳುವ ಸಂಸ್ಥೆಗಳು. ಅಂಗಡಿಯಲ್ಲಿ ಹಣ ಕೊಡುವವನು ಗಿರಾಕಿಯಾದರೆ, ಕೊಡದೆ ಒಳಗಿರುವವನು ಏನಾದ? ಸರಕಾದ. ಮಂಡಳಿಯ ಹೆಗ್ಗಳಿಕೆ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದರಲ್ಲಿಲ್ಲ. ಎಷ್ಟು ಲಕ್ಷ ಜನರ ವಿವರ ತನ್ನಲ್ಲಿದೆ ಎಂಬುದರಲ್ಲಿದೆ. ಹೀಗಿರುವಲ್ಲಿ, ಭರ್ತಿಯಾದ ಕೆಲಸದ ಜಾಹೀರಾತು ಹಾಗೆಯೇ ನಿಂತಿದ್ದರೆ ಅವರಿಗೇನು ನಷ್ಟ?

ಎರಡನೆಯದಾಗಿ, ಅರ್ಜಿ ಹಾಕುವುದು ಸುಲಭವಾದದ್ದೇ ಅರ್ಜಿಗೆ ಬೆಲೆಯಿಲ್ಲದಂತೆ ಮಾಡಿತು. ಕಾಗದ ಬರೆದು, ಅಂಚೆಯ ಚೀಟಿ ಅಂಟಿಸಬೇಕಾಗಿದ್ದಾಗ ಒಂದು ಕೆಲಸಕ್ಕೆ ಐವತ್ತು ಅರ್ಜಿ ಬರುತ್ತಿತ್ತು. ಯಾರೋ ಒಬ್ಬರು ಕುಳಿತು ಓದುತ್ತಿದ್ದರು. ಒಂದು ಬೆರಳಿನಿಂದ ಹಾಕಬಹುದಾದಾಗ ಸಾವಿರ ಬರುತ್ತದೆ, ಓದುವವರು ಯಾರು? ಆದ್ದರಿಂದ ಯಂತ್ರವೇ ಇಂತಿಂಥ ಪದಗಳಿವೆಯೇ ಎಂದು ನೋಡಿ ಸೋಸುತ್ತದೆ. ಲೆಕ್ಕ ಬರೆಯಲು ಬರುವ ಹುಡುಗ ‘ಟ್ಯಾಲಿ’ ಎಂಬ ಪದ ಬರೆಯುವುದನ್ನು ಮರೆತರೆ ಅವನಿಗೆ ಲೆಕ್ಕ ಬರುವುದಿಲ್ಲವೆಂದೇ ಅರ್ಥ. ಈಚೆಗೆ ತಿದ್ದಿದ ವಿವರಗಳು ಮೇಲೆ ಬರುತ್ತವೆ ಎಂದು ಯಾರೋ ಹೇಳಿದ್ದರಿಂದ, ನಮ್ಮ ಹುಡುಗ ದಿನವೂ ಸ್ನಾನ ಮಾಡಿ ಬಂದು ತನ್ನ ವಿವರದಲ್ಲಿ ಒಂದು ಅಲ್ಪವಿರಾಮವನ್ನು ತೆಗೆಯುತ್ತಿದ್ದ. ಮರುದಿನ ಮತ್ತೆ ಹಾಕುತ್ತಿದ್ದ. ನಮ್ಮಜ್ಜಿ ದೇವರಿಗೆ ಹೂ ಏರಿಸುತ್ತಿದ್ದಷ್ಟೇ ಶ್ರದ್ಧೆಯಿಂದ. ಇದನ್ನು ಸೋಮಾರಿತನವೆಂದು ಕರೆಯುವವರು ಕರೆಯಲಿ!

ಇದರಲ್ಲಿ ಇನ್ನೂ ಒಂದು ಕೇಡಿದೆ. ಎರಿನ್ ಕೆಲಿ, ಕ್ರಿಸ್ಟೋಫರ್ ಕ್ಸೋಲ್, ಜೆರೆಮಿ ಮ್ಯಾಗ್ರೂಡರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ನಮ್ಮ ದೇಶದಲ್ಲೇ ವೃತ್ತಿ ತರಬೇತಿ ಮುಗಿಸಿದ ತರುಣರನ್ನು ಇಂಥ ಒಂದು ತಾಣಕ್ಕೆ ಸೇರಿಸಿ ಪರೀಕ್ಷೆ ಮಾಡಿ ನೋಡಿದರು. ತಾಣಕ್ಕೆ ಸೇರಿದವರಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚಲಿಲ್ಲ. ಕೆಲವು ಕಾಲ ಕಡಿಮೆಯೇ ಆದರು. ಕಾರಣ, ತಾಣ ತಮಗೆ ಒಳ್ಳೆಯ ಕೆಲಸ ತರುತ್ತದೆಂಬ ಭರವಸೆಯಿಂದ, ಕೈಗೆ ಸಿಕ್ಕ ಸಣ್ಣ ಕೆಲಸವನ್ನು ಬಿಟ್ಟು ಅವರು ಕಾಯುತ್ತ ಕುಳಿತರು. ಭರವಸೆ ಕೊಡುವುದು ಪುಣ್ಯದ ಕೆಲಸವೇ. ಆದರೆ ಸುಳ್ಳು ಭರವಸೆ ಹೊಟ್ಟೆಯ ಮೇಲೆ ಹೊಡೆಯುತ್ತದೆ.

ಇಷ್ಟು ಹೇಳಿದ ಮೇಲೆ, ಮಿತ್ರರ ಪಕ್ಷದಲ್ಲಿ ನಿಂತು ಒಂದು ಮಾತನ್ನು ನಾನೇ ಹೇಳಬೇಕು. ಅದು ಅವರು ಹೇಳಿದ್ದಕ್ಕಿಂತ ಬಲವಾದ ಮಾತು.

ಮಂಡಳಿ ಬೇಡವೆಂದರೆ ಮತ್ತೇನು? ಕೃಷ್ಣರಾಜಪೇಟೆಯ ಕಡೆಯ ಜನ ದಶಕಗಳಿಂದ ಮುಂಬಯಿಗೆ ಹೋಗಿ ಹೋಟೆಲು, ಆಟೋ, ಚಿಕ್ಕಪುಟ್ಟ ವ್ಯಾಪಾರ ಮಾಡಿಕೊಂಡು ಬಾಳುತ್ತಿದ್ದಾರೆ. ಪಟ್ಟಣದವರಿಗೆ ಇದು ತಿಳಿದದ್ದು ೨೦೨೦ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ ಮುಂಬಯಿಯಿಂದ ಹಿಂದಿರುಗಿದವರಿಂದಾಗಿ ಆ ತಾಲ್ಲೂಕಿನ ಹೆಸರು ಪ್ರತಿದಿನ ಪತ್ರಿಕೆಯಲ್ಲಿ ಬರತೊಡಗಿದಾಗ. ಅಷ್ಟು ಜನ ಅಷ್ಟು ದೂರ ಯಾವ ಜಾಲತಾಣದ ಸಹಾಯದಿಂದ ಹೋದರು? ಒಬ್ಬ ಸೋದರಮಾವ ಹೋದ. ಅವನು ಅಳಿಯನನ್ನು ಕರೆದ. ಅಳಿಯ ಪಕ್ಕದ ಮನೆಯವನನ್ನು ಕರೆದ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ೧೯೭೪ರಲ್ಲಿ ಬರೆದ ಪುಸ್ತಕದಲ್ಲಿ, ತಾನು ವಿಚಾರಿಸಿದ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯಸ್ಥರ ಮೂಲಕವೆಂದು ತೋರಿಸಿದ. ಅಮೆರಿಕಕ್ಕೂ ಅಕ್ಕಿಹೆಬ್ಬಾಳಿಗೂ ಈ ವಿಷಯದಲ್ಲಿ ಭೇದವಿಲ್ಲ.

ಆದರೆ ಸೋದರಮಾವನೇ ಇಲ್ಲದವನ ಗತಿಯೇನು? ಕರೆಯುವವರು ತಮ್ಮವರನ್ನೇ ಕರೆಯುತ್ತಾರೆ. ‘ತಮ್ಮವರು’ ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಏನು ಅರ್ಥವೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಂಬಯಿಯ ದಾರಿ ಎಲ್ಲ ಕೇರಿಗಳಿಂದಲೂ ಹೊರಡುವುದಿಲ್ಲ. ಬಡವರಿಗೆ ಇಂಥ ಪರಿಚಯಗಳ ಜಾಲವನ್ನು ಯಂತ್ರದಿಂದ ಕಟ್ಟಿಕೊಡಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ೨೦೦೭ರಲ್ಲಿ, ಮೈಕ್ರೋಸಾಫ್ಟಿನ ಸಂಶೋಧನಾಲಯವನ್ನು ಬಿಟ್ಟ ಶಾನ್ ಬ್ಲಾಗ್ಸ್‌ವೆಟ್ ಎಂಬಾತ ಬೆಂಗಳೂರಿನಲ್ಲಿ ‘ಬಾಬಾಜಾಬ್’ ಎಂಬ ತಾಣ ತೆರೆದ. ಅಡುಗೆಯವರು, ಡ್ರೈವರುಗಳು, ಮನೆಗೆಲಸದವರು ಇವರಿಗಾಗಿ. ಹತ್ತು ವರ್ಷ ನಡೆದು, ೨೦೧೭ರಲ್ಲಿ ಅದು ‘ಕ್ವಿಕರ್’ ಸಂಸ್ಥೆಯ ವಶವಾಯಿತು.

ನನ್ನ ಶಿಷ್ಯೆಯೊಬ್ಬಳ ವಿಷಯ ಹೇಳಬೇಕು. ಪಾಂಡವಪುರ ತಾಲ್ಲೂಕಿನ ಒಂದು ದಲಿತ ಕಾಲೋನಿಯ ಹುಡುಗಿ. ತಾಯಿ ಕಬ್ಬಿನ ಗದ್ದೆಯ ಕೂಲಿ. ಮನೆತನದಲ್ಲಿ ಕಚೇರಿ ಮೆಟ್ಟಿಲು ಹತ್ತಿದವರು ಒಬ್ಬರೂ ಇಲ್ಲ. ಪ್ರಯೋಗಾಲಯದ ತಂತ್ರಜ್ಞೆಯ ಡಿಪ್ಲೊಮಾ ಮಾಡಿ, ಮೊಬೈಲಿನ ಒಂದು ಮಂಡಳಿಯ ಮೂಲಕವೇ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದಳು. ಅವಳನ್ನು ಯಾರೂ ಯಾರ ಮಗಳೆಂದು ಕೇಳಲಿಲ್ಲ. ೨೦೨೩ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾದ್ದರಿಂದ ದಿನವೂ ಹೋಗಿ ಬರುತ್ತಾಳೆ. ಮಂಡಳಿಗಳನ್ನು ಸುಟ್ಟುಹಾಕಿ ಎಂದು ನಾನು ಬರೆದರೆ ಆ ಹುಡುಗಿಗೆ ದ್ರೋಹ ಮಾಡಿದಂತೆ.

ಹಾಗಾದರೆ ಅವಳಿಗೆ ದಕ್ಕಿದ್ದು ನಮ್ಮ ಹುಡುಗನಿಗೆ ಏಕೆ ದಕ್ಕಲಿಲ್ಲ? ಅವಳಿಗೆ ಹೆಸರಿಟ್ಟು ಹೇಳಬಹುದಾದ ಒಂದು ವಿದ್ಯೆ ಇತ್ತು. ಅವಳು ನೋಡಿದ ಜಾಹೀರಾತಿನಲ್ಲಿ ಆಸ್ಪತ್ರೆಯ ಹೆಸರಿತ್ತು, ವಿಳಾಸವಿತ್ತು, ಸಂಬಳವಿತ್ತು. ಕೆಲಸದ ಜಾಗ ಮನೆಯಿಂದ ಬಸ್ಸಿನ ದೂರದಲ್ಲಿತ್ತು. ಈ ಮೂರೂ ಕೂಡಿದಲ್ಲಿ ಮಂಡಳಿ ಉಪಯುಕ್ತ. ಕೂಡದಿದ್ದಲ್ಲಿ ಅದು ಬರಿಯ ಕಾಲಹರಣ. ಮತ್ತು ನಮ್ಮ ಬಿ.ಎ., ಬಿ.ಕಾಂ. ಹುಡುಗರ ಪಾಲಿಗೆ ಅವು ಕೂಡುವುದು ಅಪರೂಪ.

ಏಕೆಂದರೆ ಮಂಡಳಿ ಕೆಲಸವನ್ನು ಸಾರಬಲ್ಲದೇ ಹೊರತು ಹುಟ್ಟಿಸಲಾರದು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತಿದ್ದು, ೨೦೨೦ರಲ್ಲಿ ಖಾಸಗಿಯವರಿಗೆ ಗುತ್ತಿಗೆಯಾಯಿತು. ಚಕ್ರ ನಿಂತಿದ್ದ ವರ್ಷಗಳಲ್ಲಿ ಯಾವ ಜಾಲತಾಣ ಅದರ ಬಾಗಿಲನ್ನು ತೆರೆಯಿತು? ಅದೇ ೨೦೨೦ರ ಜೂನ್ ತಿಂಗಳಲ್ಲಿ ಶ್ರೀರಂಗಪಟ್ಟಣದ ಉಡುಪಿನ ಕಾರ್ಖಾನೆಯೊಂದು ೧,೨೦೦ಕ್ಕೂ ಹೆಚ್ಚು ಕಾರ್ಮಿಕರನ್ನು ಕೆಲಸದಿಂದ ಬಿಟ್ಟಿತು. ಬಹುಮಟ್ಟಿಗೆ ಹೆಂಗಸರು. ಕಾರ್ಖಾನೆಯ ಬಾಗಿಲಲ್ಲಿ ವಾರಗಟ್ಟಲೆ ಕುಳಿತು ಪ್ರತಿಭಟಿಸಿದರು. ಆಮೇಲೆ ಬೇರೆ ಕೆಲಸ ಹಿಡಿದವರಲ್ಲಿ ನಾನು ಮಾತನಾಡಿಸಿದ ಕೆಲವರಿಗೆ ಅದು ತಿಳಿದದ್ದು ಜೊತೆಯವರ ಬಾಯಿಂದ, ವ್ಯಾನಿನ ಡ್ರೈವರನಿಂದ. ೨೦೨೩ರಲ್ಲಿ ಬೆಂಗಳೂರು–ಮೈಸೂರಿನ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ನಮ್ಮ ಊರಿನ ಪಕ್ಕದಲ್ಲೇ ಹಾರಿಹೋಗುತ್ತವೆ, ಹಳೆಯ ರಸ್ತೆಯ ಹೋಟೆಲುಗಳಲ್ಲಿ ತಟ್ಟೆ ಎತ್ತುವ ಕೆಲಸವೂ ಕಡಿಮೆಯಾಯಿತು. ಇವೆಲ್ಲ ಕೆಲಸ ಇಲ್ಲದ್ದರ ಕಥೆ. ಕೆಲಸದ ಸುದ್ದಿ ತಲುಪದ್ದರ ಕಥೆಯಲ್ಲ. ಆದರೆ ಅಂಗೈಯಲ್ಲಿ ಸಾವಿರ ಕೆಲಸವಿದೆ ಎಂದು ಸಾರಿಬಿಟ್ಟರೆ, ಕೆಲಸ ಸಿಗದವನದೇ ತಪ್ಪು ಎಂದಾಗುತ್ತದೆ. ಸರ್ಕಾರಕ್ಕೂ ನಿರಾಳ, ಕಾರ್ಖಾನೆಯವರಿಗೂ ನಿರಾಳ, ಹೋಳಿಗೆ ತಿಂದ ನಮ್ಮ ಮಿತ್ರರಿಗೂ ನಿರಾಳ. ನನ್ನ ಸಿಟ್ಟು ಮಂಡಳಿಯ ಮೇಲಿಲ್ಲ. ಈ ನಿರಾಳದ ಮೇಲೆ.

ಮೋಸದ ಮಾತನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಹೊರದೇಶದಲ್ಲಿ ಕಂಪ್ಯೂಟರಿನ ಕೆಲಸವೆಂದು ನಂಬಿ ಹೋದ ನಮ್ಮ ದೇಶದ ತರುಣರನ್ನು ಮ್ಯಾನ್ಮಾರಿನ ಗಡಿಯಲ್ಲಿ ಕೂಡಿಹಾಕಿ, ಅವರಿಂದಲೇ ಜನರಿಗೆ ಮೋಸ ಮಾಡಿಸುತ್ತಿದ್ದರು. ೨೦೨೫ರ ಮಾರ್ಚಿಯಲ್ಲಿ ೫೦೦ಕ್ಕೂ ಹೆಚ್ಚು ಮಂದಿಯನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತಂದರು. ಕೆಲಸ ಕೊಡುವವನು ಹಣ ಕೇಳಿದ ಕೂಡಲೇ ಅವನು ಕೆಲಸ ಕೊಡುವವನಲ್ಲ ಎಂದು ತಿಳಿಯತಕ್ಕದ್ದು. ಹಣ ಹೋದರೆ ತಡಮಾಡದೆ ೧೯೩೦ಕ್ಕೆ ಕರೆಮಾಡಿ ದೂರು ಕೊಡಬೇಕು. ಇದನ್ನು ಪ್ರತಿಯೊಬ್ಬ ಮೇಷ್ಟ್ರೂ ತರಗತಿಯಲ್ಲಿ ಹೇಳುವುದು ಒಳ್ಳೆಯದು.

ಹಾಗಾದರೆ ಏನಾಗಬೇಕು? ಸಂಬಳ, ಸಂಸ್ಥೆಯ ಹೆಸರು, ಕೆಲಸದ ಊರು ಇಲ್ಲದ ಜಾಹೀರಾತನ್ನು ಮಂಡಳಿಗಳು ತೆಗೆದುಕೊಳ್ಳಕೂಡದು. ಭರ್ತಿಯಾದದ್ದನ್ನು ಕಿತ್ತುಹಾಕಬೇಕು. ಅರ್ಜಿ ಹಾಕಿದವನಿಗೆ ಹದಿನೈದು ದಿನದೊಳಗೆ ‘ಹೌದು’ ಅಥವಾ ‘ಇಲ್ಲ’ ಎಂದು ಹೇಳಿಸಬೇಕು. ಯಂತ್ರಕ್ಕೆ ‘ವಂದನೆಗಳು’ ಎನ್ನಲು ಬಂದರೆ ‘ಇಲ್ಲ’ ಎನ್ನಲೂ ಬರುತ್ತದೆ. ಹುಡುಕುವವನಿಂದ ಹಣ ಕೀಳಲು ತನ್ನ ತಾಣದಲ್ಲಿ ಅವಕಾಶ ಕೊಟ್ಟ ಮಂಡಳಿಯೂ ಹೊಣೆಯಾಗಬೇಕು. ಸರ್ಕಾರದ ವಿಷಯಕ್ಕೆ ಬಂದರೆ, ೨೦೨೪ರ ಜನವರಿಯಲ್ಲಿ ಹಣ ಕೊಡಲು ಆರಂಭಿಸಿದ ಯುವನಿಧಿಯಲ್ಲಿ, ಪದವಿ ಮುಗಿಸಿ ೧೮೦ ದಿನ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ ೩,೦೦೦ ರೂಪಾಯಿಯಂತೆ ಎರಡು ವರ್ಷ ಸಲ್ಲುತ್ತದೆ. ಒಳ್ಳೆಯದೇ. ಅದರ ಜೊತೆಗೆ, ತಾಲ್ಲೂಕಿನ ಕಾರ್ಖಾನೆ, ಆಸ್ಪತ್ರೆ, ಶಾಲೆ, ಸೊಸೈಟಿಗಳಲ್ಲಿ ಈ ವಾರ ಯಾವ ಕೆಲಸ ಖಾಲಿ ಇದೆ ಎಂಬ ಒಂದು ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯಿತಿಯ ಗ್ರಂಥಾಲಯದ ಗೋಡೆಗೆ ಅಂಟಿಸಿದರೆ, ಅದು ಎಷ್ಟೋ ಜಾಲತಾಣಗಳಿಗಿಂತ ಹೆಚ್ಚು ಕೆಲಸ ಮಾಡೀತು.

ತರುಣರಿಗೆ ನಾನು ಹೇಳುವುದು: ಮಂಡಳಿಯನ್ನು ಭೂಪಟದಂತೆ ಬಳಸಿ, ಬಾಗಿಲಿನಂತೆ ಅಲ್ಲ. ಯಾವ ಊರಿನಲ್ಲಿ ಯಾವ ಕೆಲಸವಿದೆ, ಏನು ಸಂಬಳ, ಏನು ಕಲಿತಿರಬೇಕೆಂದು ತಿಳಿಯಲು ಬೆಳಿಗ್ಗೆ ಒಂದು ಗಂಟೆ ಸಾಕು. ಆಮೇಲೆ ಮೊಬೈಲನ್ನು ಜೇಬಿಗಿಟ್ಟು ಹೊರಡಿ. ಓದುಗರಲ್ಲಿ ನಾಲ್ಕು ಜನಕ್ಕೆ ಕೆಲಸ ಕೊಡುವ ಯೋಗ್ಯತೆಯಿರುವವರು ಬೇಕಾದಷ್ಟು ಮಂದಿ ಇದ್ದೀರಿ. ನಿಮ್ಮ ಬಾಗಿಲಿಗೆ ಬಂದ ಹುಡುಗನನ್ನು ಕಾವಲುಗಾರನ ಬಾಯಿಂದ “ಆನ್‌ಲೈನಿನಲ್ಲಿ ಹಾಕು” ಎನ್ನಿಸಿ ಹಿಂದಕ್ಕೆ ಕಳಿಸಬೇಡಿ. ಐದು ನಿಮಿಷ ಮಾತನಾಡಿಸಿ.

ನಮ್ಮ ಹುಡುಗನಿಗೆ ಕೆಲಸ ಸಿಕ್ಕಿತು. ಮೈಸೂರಿನ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಹೇಗೆ ಸಿಕ್ಕಿತೆಂದು ಹೇಳದೆ ಹೋದರೆ ಇಷ್ಟು ಬರೆದದ್ದು ಅಪ್ರಾಮಾಣಿಕವಾದೀತು. ನೂರ ಅರವತ್ತನಾಲ್ಕನೆಯ ಅರ್ಜಿಯೂ ಮುಳುಗಿದ ದಿನ, ನನ್ನ ಹಳೆಯ ಶಿಷ್ಯನಾದ ಆ ಅಂಗಡಿಯ ಯಜಮಾನನಿಗೆ ನಾನೇ ದೂರವಾಣಿ ಮಾಡಿದೆ. “ನಮ್ಮ ಹುಡುಗ” ಎಂದೆ. “ಸೋಮವಾರ ಕಳಿಸಿ, ಸಾರ್” ಎಂದ. ಐವತ್ತು ವರ್ಷದ ಹಿಂದೆ ಸಂತೆಯಲ್ಲಿ ನಾನು ಕೇಳಿದ ಮಾತೇ.

ಕೃಷ್ಣರಾಜಪೇಟೆಯ ಆ ಸಹಪಾಠಿಗೆ ಇನ್ನೂ ಕೆಲಸವಿಲ್ಲ. ಅಂಕಗಳಲ್ಲಿ ಅವನು ನಮ್ಮ ಹುಡುಗನಿಗಿಂತ ಮುಂದು. ಅವನಿಗೆ ದೂರವಾಣಿ ಎತ್ತುವ ಅಜ್ಜನಿಲ್ಲ. ನಾನು ದೂಷಿಸಿದ ಮಂಡಳಿಯ ಹೊರತು ಅವನಿಗೆ ಬೇರೆ ಬಾಗಿಲಿಲ್ಲ. ಆದ್ದರಿಂದಲೇ ಆ ಬಾಗಿಲು ಬಣ್ಣ ಬಳಿದ ಗೋಡೆಯಾಗಿರಬಾರದು ಎಂದು ಇಷ್ಟು ಉದ್ದವಾಗಿ ಬರೆದೆ. ಬೆಂಗಳೂರಿನ ಮಿತ್ರರು ಮುಂದಿನ ಯುಗಾದಿಗೂ ಬರುತ್ತಾರೆ. ಅವರ ಕಚೇರಿಯಲ್ಲಿ ಲೆಕ್ಕದ ಹುಡುಗನೊಬ್ಬ ಬೇಕೆಂದು ಕೇಳಿದ್ದೇನೆ. ಊಟಕ್ಕೆ ಮೊದಲು ಈ ಹುಡುಗನ ಹೆಸರನ್ನು ಅವರ ಕೈಗೆ ಕೊಡಬೇಕೆಂದಿದ್ದೇನೆ, ಹೋಳಿಗೆ ಆಮೇಲೆ.